ಶ್ಯಾಡೋ ವೀವರ್ ಕೊನೆಗೂ ಯಾರ ಕಡೆ?

ಶ್ಯಾಡೋ ವೀವರ್ ಸತ್ತಾಗ ನನಗೆ ಸಿಟ್ಟು ಬಂತು. ಅದು ಅಳಬೇಕಾದ ಜಾಗ. ಸಂಗೀತ ಹಾಗಿದೆ, ಬಣ್ಣ ಹಾಗಿದೆ. ಅವಳೇ ಕೈಯಾರೆ ಮುಖವಾಡ ತೆಗೆಯುತ್ತಾಳೆ, ಗಾಯದ ಮುಖ ಕಾಣುತ್ತದೆ. ತಾನೇ ಬೆಳೆಸಿದ ಇಬ್ಬರು ಹುಡುಗಿಯರನ್ನು ಉಳಿಸಿ ಅವಳು ಹೋಗಿಬಿಡುತ್ತಾಳೆ. 'ಶೀ-ರಾ ಅಂಡ್ ದಿ ಪ್ರಿನ್ಸೆಸಸ್ ಆಫ್ ಪವರ್' ನೋಡಿದವರಿಗೆ ಯಾವ ಜಾಗ ಅಂತ ಗೊತ್ತಾಗಿರುತ್ತದೆ. ಕೊನೆಯ ಸೀಸನ್, ಕೊನೆಯ ಕಂತಿಗಿಂತ ಒಂದು ಹಿಂದೆ. ನನ್ನ ಪಕ್ಕದಲ್ಲಿದ್ದ ಅಣ್ಣನ ಮಗಳು ದಿಂಬು ಅಪ್ಪಿಕೊಂಡು ಅಳುತ್ತಿದ್ದಳು. ಬೇಸಿಗೆ ರಜೆಗೆ ಮಂಡ್ಯದಿಂದ ಮೈಸೂರಿಗೆ, ನಮ್ಮ ಮನೆಗೆ ಬಂದಿದ್ದಳು. ಕಣ್ಣೊರೆಸಿಕೊಂಡು ಕೇಳಿದಳು: "ಅತ್ತೆ, ಕೊನೆಗೆ ಅವಳು ಒಳ್ಳೆಯವಳಾದಳು ಅಲ್ವಾ?"

ಆ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಸುಮ್ನೆ ಒಂದು ಕಾರ್ಟೂನ್, ಅದರಲ್ಲೊಬ್ಬಳು ಮಾಟಗಾತಿ, ಅವಳ ಬಗ್ಗೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕಾ ಅಂತ ಯಾರಾದರೂ ಕೇಳಬಹುದು. ಕೇಳಲಿ. 2018ರ ನವೆಂಬರ್‌ನಿಂದ 2020ರ ಮೇವರೆಗೆ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಆ 52 ಕಂತುಗಳಲ್ಲಿ ನನಗೆ ಅತಿ ಹತ್ತಿರದಿಂದ ಪರಿಚಯ ಇದೆ ಅನಿಸಿದ ಪಾತ್ರ ಶೀ-ರಾ ಅಲ್ಲ, ಈ ಹೆಂಗಸು. ಇವಳನ್ನು ಎಲ್ಲೋ ನೋಡಿದ್ದೇನೆ ಅಂತ ಮೊದಲ ಕಂತಿನಿಂದಲೇ ಅನಿಸುತ್ತಿತ್ತು. ಎಲ್ಲಿ ಅಂತ ಹೊಳೆಯಲು ಸ್ವಲ್ಪ ತಡವಾಯಿತು.

ಗಾಳಿ ಬಂದ ಕಡೆ

ಅವಳು ಎಷ್ಟು ಸಲ ಪಕ್ಷ ಬದಲಿಸುತ್ತಾಳೆ ನೋಡಿ. ಮೊದಲು ಅವಳು ಲೈಟ್ ಸ್ಪಿನ್ನರ್. ಮಿಸ್ಟಕೋರ್ ಎಂಬ ಮಾಂತ್ರಿಕರ ನಾಡಿನಲ್ಲಿ ಪಾಠ ಹೇಳುವವಳು. ಹೋರ್ಡ್ ಸೈನ್ಯ ಬೆಳೆಯುತ್ತಿದೆ, ತಡೆಯದಿದ್ದರೆ ನಮಗೆ ಉಳಿಗಾಲವಿಲ್ಲ ಅಂತ ಹಿರಿಯರಿಗೆ ಹೇಳುತ್ತಾಳೆ. ಅದಕ್ಕೆ ಒಂದು ಅಪಾಯದ ಮಂತ್ರ ಬೇಕು ಅನ್ನುತ್ತಾಳೆ. ಹಿರಿಯರು ಬೇಡ ಅನ್ನುತ್ತಾರೆ. ಅವಳು ಬಿಡುವುದಿಲ್ಲ. ತನ್ನ ಅತಿ ಜಾಣ ಶಿಷ್ಯ ಮೈಕಾ, ಇನ್ನೂ ಹುಡುಗ, ಅವನನ್ನು ಜೊತೆಗಿಟ್ಟುಕೊಂಡು ಮಾಡಿಯೇಬಿಡುತ್ತಾಳೆ. ಹುಡುಗ ಹೆದರುತ್ತಾನೆ, ಮಂತ್ರ ತಪ್ಪುತ್ತದೆ, ಅವಳ ಮುಖ ಸುಟ್ಟಂತಾಗುತ್ತದೆ. ಅಲ್ಲಿಂದ ಅವಳು ಹೋಗುವುದು ಎಲ್ಲಿಗೆ? ಯಾವ ಹೋರ್ಡನ್ನು ತಡೆಯಬೇಕು ಅಂತ ಇಷ್ಟೆಲ್ಲ ಮಾಡಿದಳೋ ಅದೇ ಹೋರ್ಡಿಗೆ. ಅದರ ಒಡೆಯ ಹೋರ್ಡಾಕ್‌ನ ಬಲಗೈ ಆಗುತ್ತಾಳೆ. ಅಲ್ಲಿ ಅಧಿಕಾರ ಕೈತಪ್ಪಿ ಜೈಲು ಪಾಲಾದ ಮೇಲೆ ತಪ್ಪಿಸಿಕೊಂಡು ಬ್ರೈಟ್ ಮೂನ್‌ಗೆ, ಅಂದರೆ ಇಷ್ಟು ವರ್ಷ ಯಾರ ಮೇಲೆ ಯುದ್ಧ ಮಾಡಿದಳೋ ಅವರ ಮನೆಗೇ, ಬಂದು ಕೂರುತ್ತಾಳೆ. ಅಲ್ಲಿ ತೋಟ ನೋಡಿಕೊಂಡಿರುತ್ತಾಳೆ. ಹೂಗಿಡಗಳಿಗೆ ಆರೈಕೆ ಮಾಡುತ್ತಾಳೆ. ಆಮೇಲೆ ಮೆಲ್ಲಗೆ ಎಳೆಯ ರಾಣಿ ಗ್ಲಿಮರ್‌ಗೆ ಮಂತ್ರ ಕಲಿಸಲು ಶುರುಮಾಡುತ್ತಾಳೆ. ಈ ಗ್ಲಿಮರ್ ಯಾರು? ಆ ಮೈಕಾನ ಮಗಳು.

ಗಾಳಿ ಬಂದ ಕಡೆ ತೂರಿಕೊಳ್ಳುವವಳು ಅಂತ ಒಂದು ಮಾತಲ್ಲಿ ಹೇಳಿ ಮುಗಿಸಬಹುದು. ಆದರೆ ಬರೀ ಜೀವ ಉಳಿಸಿಕೊಳ್ಳಲು ತೂರಿಕೊಳ್ಳುವವರು ಸಾಮಾನ್ಯವಾಗಿ ಹೋದಲ್ಲೆಲ್ಲ ತಲೆ ತಗ್ಗಿಸಿಕೊಂಡಿರುತ್ತಾರೆ. ಇವಳು ಹಾಗಿಲ್ಲ. ಹೋದ ಕಡೆ ಮೊದಲು ಮಾಡುವ ಕೆಲಸ ಒಂದೇ: ಅಲ್ಲಿರುವ ಮಕ್ಕಳಲ್ಲಿ ಯಾರಿಗೆ ಶಕ್ತಿ ಜಾಸ್ತಿ ಇದೆ ಅಂತ ಹುಡುಕುವುದು. ಮೈಕಾ, ಆಮೇಲೆ ಅಡೋರಾ (ಹೋರ್ಡ್‌ನಲ್ಲಿ ಅವಳು ಬೆಳೆಸಿದ, ಮುಂದೆ ಶೀ-ರಾ ಆಗುವ ಹುಡುಗಿ), ಆಮೇಲೆ ಗ್ಲಿಮರ್. ಪಕ್ಷ ಎರಡು ಸಲ ಬದಲಾಗಿದೆ, ಈ ಕೆಲಸ ಮಾತ್ರ ಒಂದು ಸಲವೂ ಬದಲಾಗಿಲ್ಲ. ಅವಳ ನಿಷ್ಠೆ ಯಾವ ರಾಜ್ಯಕ್ಕೂ ಇಲ್ಲ, ಯಾವ ರಾಜನಿಗೂ ಇಲ್ಲ. ಮೊದಲ ಸಾಲಿನಲ್ಲಿ ಕೂತ ಮಗುವಿಗೆ ಮಾತ್ರ. ಅದೂ ಆ ಮಗು ಮೊದಲ ಸಾಲಿನಲ್ಲಿ ಕೂತಿರುವಷ್ಟು ದಿನ.

ಇನ್ನೊಂದು ವಿಷಯ. ಅವಳು ಕಲಿಸುವುದು ಸುಳ್ಳಲ್ಲ. ಗ್ಲಿಮರ್‌ಗೆ ಅವಳು ಕಲಿಸಿದ ಮಂತ್ರ ನಿಜವಾಗಿಯೂ ಕೆಲಸ ಮಾಡುತ್ತದೆ. ಬೇರೆ ಯಾರೂ ಆ ಹುಡುಗಿಗೆ ಅಷ್ಟು ಚೆನ್ನಾಗಿ ಕಲಿಸಿರಲಿಲ್ಲ. ಅಮ್ಮನನ್ನು ಕಳೆದುಕೊಂಡು, ಕಿರೀಟದ ಭಾರ ಹೊತ್ತು, ಗೆಳತಿ ಅಡೋರಾ ಜೊತೆಗೂ ಮಾತು ಕಡಿಮೆಯಾಗುತ್ತಿರುವ ಸಮಯದಲ್ಲಿ, 'ನಿನ್ನಲ್ಲಿ ಶಕ್ತಿ ಇದೆ' ಅಂತ ಹೇಳಿದವಳು ಇವಳೊಬ್ಬಳೇ. ಅದು ಹಸಿ ಸುಳ್ಳಾಗಿದ್ದರೆ ಬಿಡಿಸಿಕೊಂಡು ಬರುವುದು ಎಷ್ಟು ಸುಲಭವಿತ್ತು.

ಮಂತ್ರ ಹಾಕಬೇಕಾಗಲಿಲ್ಲ

ಹಳೆಯ ಶೀ-ರಾ, 1985ರದ್ದು, ಅದರಲ್ಲೂ ಶ್ಯಾಡೋ ವೀವರ್ ಇದ್ದಳು. ಕೆಂಪು ನಿಲುವಂಗಿ, ಟೋಪಿಯ ಒಳಗೆ ಕತ್ತಲು, ಎರಡು ಹೊಳೆಯುವ ಕಣ್ಣು, ಗೊಗ್ಗರು ದನಿ. ಅದರಲ್ಲಿ ಅಡೋರಾ ಹೋರ್ಡ್‌ನಲ್ಲಿ ಉಳಿದಿದ್ದಕ್ಕೆ ಕಾರಣ ಸರಳ. ಶ್ಯಾಡೋ ವೀವರ್ ಅವಳ ಮೇಲೆ ಮಂತ್ರ ಹಾಕಿದ್ದಳು. ಮಂತ್ರ ಬಿಟ್ಟಿತು, ಹುಡುಗಿಗೆ ನಿಜ ಕಂಡಿತು, ಅಲ್ಲಿಗೆ ಮುಗಿಯಿತು. ನಮ್ಮ ಅಜ್ಜಿಯಂದಿರು ಹೇಳುತ್ತಿದ್ದ ಮಾಟಗಾತಿಯರ ಕತೆಗಳೂ ಹೀಗೇ ತಾನೇ, ಮಾಟ ತೆಗೆದರೆ ರಾಜಕುಮಾರಿ ಮತ್ತೆ ರಾಜಕುಮಾರಿಯೇ.

2018ರಲ್ಲಿ ಇದನ್ನು ಹೊಸದಾಗಿ ಮಾಡಿದ ಎನ್. ಡಿ. ಸ್ಟೀವನ್‌ಸನ್ ಮತ್ತು ತಂಡ ಆ ಮಂತ್ರವನ್ನೇ ತೆಗೆದುಬಿಟ್ಟರು. ನನಗೆ ಇಡೀ ಸರಣಿಯಲ್ಲಿ ಅತಿ ಮುಖ್ಯ ಅನಿಸಿದ ಬದಲಾವಣೆ ಇದು. ಇಲ್ಲಿ ಅಡೋರಾಳನ್ನು ಕಟ್ಟಿಹಾಕಿದ್ದು ಹೊಗಳಿಕೆ. ಕ್ಯಾಟ್ರಾಳನ್ನು ಕಟ್ಟಿಹಾಕಿದ್ದು, ಆ ಹೊಗಳಿಕೆ ಒಂದು ದಿನ ತನಗೂ ಸಿಗಬಹುದು ಎಂಬ ಆಸೆ. ಇಬ್ಬರೂ ಒಂದೇ ಬ್ಯಾರಕ್‌ನಲ್ಲಿ ಬೆಳೆದವರು, ಒಬ್ಬರನ್ನೊಬ್ಬರು ಬಿಟ್ಟು ಇನ್ನು ಯಾರೂ ಇಲ್ಲದವರು. ಮಂತ್ರವಾದರೆ ಒಂದು ಘಳಿಗೆಯಲ್ಲಿ ಬಿಡಿಸಬಹುದು. ಬೆಳೆಸಿದ ರೀತಿಯನ್ನು ಹೇಗೆ ಬಿಡಿಸುವುದು? ಅದಕ್ಕೇ ಐದು ಸೀಸನ್ ಬೇಕಾಯಿತು.

ಮೊದಲ ಸೀಸನ್‌ನ 11ನೇ ಕಂತಿನಲ್ಲಿ ಒಂದು ನೆನಪು ಬರುತ್ತದೆ. ಇಬ್ಬರೂ ಪುಟ್ಟ ಮಕ್ಕಳು. ಹೋಗಬಾರದ ಕೋಣೆಗೆ, ಬ್ಲ್ಯಾಕ್ ಗಾರ್ನೆಟ್ ಎಂಬ ಮಾಂತ್ರಿಕ ಕಲ್ಲಿರುವ ಕೋಣೆಗೆ, ನುಗ್ಗಿಬಿಟ್ಟಿದ್ದಾರೆ. ಹೋದವರು ಇಬ್ಬರೂ. ಆದರೆ ಶ್ಯಾಡೋ ವೀವರ್ ಮಂತ್ರದಿಂದ ಅಲುಗಾಡದಂತೆ ಹಿಡಿಯುವುದು ಕ್ಯಾಟ್ರಾಳನ್ನು ಮಾತ್ರ. ಮಗು ಹೆದರಿ ಬೆವರುತ್ತಿದೆ. ಅಡೋರಾ ಮಧ್ಯೆ ಬಂದು ಬೇಡ ಅಂತ ಕೇಳಿಕೊಳ್ಳುತ್ತಾಳೆ. ಆಗ ಶ್ಯಾಡೋ ವೀವರ್ ತಕ್ಷಣ ಮೃದುವಾಗುತ್ತಾಳೆ. ಕ್ಯಾಟ್ರಾಳನ್ನು ಹದ್ದುಬಸ್ತಿನಲ್ಲಿ ಇಡುವ ಜವಾಬ್ದಾರಿ ಇನ್ನು ನಿನ್ನದು ಅನ್ನುವ ಅರ್ಥದಲ್ಲಿ ಅಡೋರಾಗೆ ಹೇಳುತ್ತಾಳೆ. ಇಷ್ಟೇ ಸೀನು. ಬಹಳ ಚಿಕ್ಕದು.

ಇದನ್ನು ನೋಡಿದಾಗ ನಾನು ರಿಮೋಟ್ ತೆಗೆದುಕೊಂಡು ನಿಲ್ಲಿಸಿದೆ. ಇವಳನ್ನು ಎಲ್ಲಿ ನೋಡಿದ್ದೆ ಅಂತ ಆಗ ಗೊತ್ತಾಯಿತು.

ಮಂಡ್ಯದ ಒಂದು ವರಾಂಡ

ಎಸ್ಸೆಸ್ಸೆಲ್ಸಿ ವರ್ಷ ನಾನೂ ನನ್ನ ಚಿಕ್ಕಪ್ಪನ ಮಗಳೂ ಗಣಿತದ ಟ್ಯೂಷನ್‌ಗೆ ಹೋಗುತ್ತಿದ್ದೆವು. ಅವಳು ನನಗಿಂತ ಕೆಲವೇ ತಿಂಗಳಿಗೆ ಚಿಕ್ಕವಳು, ಇಬ್ಬರೂ ಒಂದೇ ಕ್ಲಾಸು, ಒಂದೇ ಸೈಕಲ್. ಹೋಗುವಾಗ ಅವಳು ತುಳಿಯುವುದು, ಬರುವಾಗ ನಾನು. ಕಬ್ಬು ಅರೆಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆ ಕಡೆಯಿಂದ ಗಾಳಿ ಬೀಸಿದರೆ ಕಾಕಂಬಿಯ ವಾಸನೆ ರಸ್ತೆ ತುಂಬ. ಮಂಡ್ಯದವರಿಗೆ ಹೇಳಬೇಕಿಲ್ಲ.

ಮೇಡಂ ಮನೆಯ ವರಾಂಡದಲ್ಲಿ ಜಮಖಾನ ಹಾಸಿರುತ್ತಿದ್ದರು. ಅವರ ಹೆಸರು ಇಲ್ಲಿ ಬೇಡ. ಅವರಷ್ಟು ಚೆನ್ನಾಗಿ ಗಣಿತ ಹೇಳಿಕೊಟ್ಟವರನ್ನು ನಾನು ಇವತ್ತಿಗೂ ನೋಡಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಥೇಲ್ಸನ ಪ್ರಮೇಯ ಹೇಳುವಾಗ ಸ್ಕೇಲ್ ಇಲ್ಲದೆ ಬೋರ್ಡ್ ಮೇಲೆ ತ್ರಿಭುಜ ಬರೆಯುತ್ತಿದ್ದರು, ಗೆರೆ ಒಂಚೂರೂ ಸೊಟ್ಟ ಆಗುತ್ತಿರಲಿಲ್ಲ. ಆಮೇಲೆ ಒಳಗೊಂದು ಸಮಾಂತರ ಗೆರೆ ಎಳೆದು, ಸೀಮೆಸುಣ್ಣ ಕೆಳಗಿಟ್ಟು, "ಈಗ ನೀವು ಹೇಳಿ, ಯಾಕೆ?" ಅನ್ನುತ್ತಿದ್ದರು. ಯಾರಾದರೂ ಪುಸ್ತಕದಲ್ಲಿದ್ದಂತೆ ಗಿಣಿಪಾಠ ಒಪ್ಪಿಸಿದರೆ ಒಪ್ಪುತ್ತಿರಲಿಲ್ಲ. ನಿನ್ನ ಮಾತಲ್ಲಿ ಹೇಳು ಅನ್ನುತ್ತಿದ್ದರು. ಹೇಳಲು ಬಂದ ದಿನ ಮೈಯೆಲ್ಲ ಬೆಳಕಾದಂತೆ ಅನಿಸುತ್ತಿತ್ತು.

ಪ್ರತಿ ವಾರ ಟೆಸ್ಟ್. ಸೋಮವಾರ ಪೇಪರ್ ಕೊಡುವಾಗ ಜಾಸ್ತಿ ಮಾರ್ಕ್ಸಿನಿಂದ ಕಡಿಮೆ ಮಾರ್ಕ್ಸಿಗೆ ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಕರೆದ ಕ್ರಮದಲ್ಲೇ ಕೂರಬೇಕು. ಮೊದಲು ಕರೆಸಿಕೊಂಡವರು ಬೋರ್ಡಿನ ಮುಂದೆ, ಕೊನೆಯವರು ಜಮಖಾನ ಮುಗಿದು ನೆಲ ಶುರುವಾಗುವ ಕಡೆ, ಎಲ್ಲರೂ ಚಪ್ಪಲಿ ಬಿಟ್ಟಿರುವ ಬಾಗಿಲ ಪಕ್ಕ. ನಾನು ಬೋರ್ಡಿನ ಮುಂದೆ. ನನ್ನ ತಂಗಿ ಚಪ್ಪಲಿ ಪಕ್ಕ. ಟ್ಯೂಷನ್ ಮುಗಿದ ಮೇಲೆ ಮೇಡಂ ನನ್ನನ್ನು ಒಳಗೆ ಕರೆದು ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟು, ಎರಡು ಕಷ್ಟದ ಲೆಕ್ಕ ಕೊಡುತ್ತಿದ್ದರು. ಅಷ್ಟು ಹೊತ್ತು ಅವಳು ಗೇಟಿನ ಹತ್ತಿರ ಸೈಕಲ್ ಹಿಡಿದುಕೊಂಡು ಸೊಳ್ಳೆ ಕಚ್ಚಿಸಿಕೊಂಡು ನಿಂತಿರಬೇಕು. ಒಂದು ದಿನ ಕಾಫಿ ಕೊಡುತ್ತ ಮೇಡಂ ಹೇಳಿದರು, ದನಿ ಬಹಳ ಪ್ರೀತಿಯದು: "ನಿನ್ನ ತಂಗಿ ಮೇಲೆ ಒಂದು ಕಣ್ಣಿಟ್ಟಿರು. ಅವಳು ಹಿಂಗೇ ಆಡ್ತಿದ್ರೆ ಅವಳಿಗಿಂತ ಮೊದಲು ಹಾಳಾಗೋದು ನೀನು."

ಹೊರಗೆ ಬಂದಾಗ ತಂಗಿ ಕೇಳಿದಳು, "ಏನಂದ್ರೇ?" ಏನಿಲ್ಲ ಅಂದೆ. ಅವಳು ಮತ್ತೆ ಕೇಳಲಿಲ್ಲ. ಗೇಟಿನಿಂದ ಒಳಗಿನ ಕೋಣೆ ಅಷ್ಟೇನೂ ದೂರ ಇರಲಿಲ್ಲ.

ಆಮೇಲಿನದು ಬೇಗ ಹೇಳುತ್ತೇನೆ. ಪಿಯುಸಿಗೆ ನಾನು ಆರ್ಟ್ಸ್ ತೆಗೆದುಕೊಂಡೆ. ಆ ದಿನದಿಂದ ಮೇಡಂಗೆ ನಾನು ಕಾಣಿಸುವುದು ನಿಂತುಹೋಯಿತು. ದಾರಿಯಲ್ಲಿ ಸಿಕ್ಕರೆ ಒಂದು ತಲೆಯಾಡಿಸುವುದು, ಅಷ್ಟೇ. ತಂಗಿ ಸೈನ್ಸ್ ತೆಗೆದುಕೊಂಡಳು. ಹಟ ಹಿಡಿದು ಓದಿದಳು. ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದು ಇಂಜಿನಿಯರಿಂಗ್ ಸೀಟು ಸಿಕ್ಕಿತು. ಆ ಜೂನ್‌ನಲ್ಲಿ ಸಂಜಯ ಸರ್ಕಲ್ ಹತ್ತಿರ ಒಂದು ಫ್ಲೆಕ್ಸ್ ಬಿತ್ತು. ಮೇಡಂ ಟ್ಯೂಷನ್‌ನದು. 'ನಮ್ಮ ಹೆಮ್ಮೆಯ ವಿದ್ಯಾರ್ಥಿಗಳು' ಅಂತ ಸಾಲಾಗಿ ಫೋಟೋ. ಮೊದಲ ಫೋಟೋ ಚಪ್ಪಲಿ ಪಕ್ಕ ಕೂರುತ್ತಿದ್ದ ನನ್ನ ತಂಗಿಯದು.

ಖಾಲಿ ಕೋಣೆ

ಎರಡನೇ ಸೀಸನ್‌ನ ಒಂದು ಕಂತನ್ನು ನಾನು ಪೂರ್ತಿ ಹೇಳಲೇಬೇಕು. ಶ್ಯಾಡೋ ವೀವರ್ ಈಗ ಕೈದಿ. ಅವಳನ್ನು ಸೋಲಿಸಿ ಅವಳ ಜಾಗಕ್ಕೆ ಬಂದಿರುವವಳು ಕ್ಯಾಟ್ರಾ. ಅಂದರೆ ಚಿಕ್ಕಂದಿನಿಂದ ಹಿಂಸೆ ಅನುಭವಿಸಿದವಳ ಕೈಯಲ್ಲಿ ಈಗ ಬೀಗದಕೈ ಇದೆ. ಸೇಡು ತೀರಿಸಿಕೊಳ್ಳಬಹುದು. ಅವಳು ಮಾಡುವುದೇನು? ಊಟದ ತಟ್ಟೆ ಹಿಡಿದುಕೊಂಡು ಆ ಕೋಣೆಗೆ ಹೋಗುತ್ತಾಳೆ. ಹೀಯಾಳಿಸುತ್ತಾಳೆ, ಕೂಗಾಡುತ್ತಾಳೆ, ಆದರೂ ಮತ್ತೆ ಹೋಗುತ್ತಾಳೆ. ನನ್ನನ್ನು ಯಾಕೆ ಹಾಗೆ ನಡೆಸಿಕೊಂಡೆ ಅನ್ನುವ ಪ್ರಶ್ನೆಗೆ ಅವಳಿಗೆ ಉತ್ತರ ಬೇಕು.

ಶ್ಯಾಡೋ ವೀವರ್‌ಗೆ ಇದು ಅರ್ಥವಾಗುತ್ತದೆ. ಅರ್ಥವಾದ ತಕ್ಷಣ ಅದನ್ನು ಬಳಸಿಕೊಳ್ಳುತ್ತಾಳೆ. ದನಿ ತಗ್ಗಿಸುತ್ತಾಳೆ. ನಿನ್ನಲ್ಲಿ ನನ್ನನ್ನೇ ಕಾಣುತ್ತೇನೆ ಅನ್ನುವ ಧಾಟಿಯಲ್ಲಿ ಮಾತಾಡುತ್ತಾಳೆ. ಕ್ಯಾಟ್ರಾಳ ಕೆನ್ನೆ ಮುಟ್ಟುತ್ತಾಳೆ. ಆ ಹುಡುಗಿಯ ಬೆಕ್ಕಿನಂಥ ಕಿವಿ ಕೆಳಗಿಳಿಯುವುದನ್ನು ಚಿತ್ರಕಾರರು ಎಷ್ಟು ಚೆನ್ನಾಗಿ ಬರೆದಿದ್ದಾರೆ ಅಂದರೆ, ನೋಡುವ ನಮಗೂ ಒಂದು ಕ್ಷಣ ಇದು ನಿಜ ಇರಬಹುದಾ ಅನಿಸುತ್ತದೆ. ಆಮೇಲೆ ಶ್ಯಾಡೋ ವೀವರ್ ಒಂದು ಚಿಕ್ಕ ವಸ್ತು ಕೇಳುತ್ತಾಳೆ. ಮಿಸ್ಟಕೋರ್‌ನಲ್ಲಿದ್ದಾಗಿನ ಹಳೆಯ ಬ್ಯಾಡ್ಜ್. ನೆನಪಿಗೆ ಬೇಕು ಅಂತ. ಕ್ಯಾಟ್ರಾ ತಂದುಕೊಡುತ್ತಾಳೆ. ಅದರಲ್ಲಿ ಉಳಿದಿದ್ದ ಶಕ್ತಿಯನ್ನೇ ಬಳಸಿ ಶ್ಯಾಡೋ ವೀವರ್ ಮಾಯವಾಗುತ್ತಾಳೆ. ಕೋಣೆ ಖಾಲಿ.

ತಪ್ಪಿಸಿಕೊಂಡವಳು ನೇರ ಹೋಗುವುದು ಅಡೋರಾ ಮಲಗುವ ಕೋಣೆಗೆ. ಈ ಒಂದು ಸಂಗತಿಯನ್ನು ನಾನು ಮರೆಯಲಾರೆ. ಕೈದಿ ತಪ್ಪಿಸಿಕೊಂಡಿದ್ದಕ್ಕೆ ಶಿಕ್ಷೆ ಕ್ಯಾಟ್ರಾಗೆ. ಹೋರ್ಡಾಕ್ ಅವಳನ್ನು ಕ್ರಿಮ್ಸನ್ ವೇಸ್ಟ್ ಎಂಬ ಮರಳುಗಾಡಿಗೆ ಅಟ್ಟುತ್ತಾನೆ. ವಿಚಿತ್ರ ಅಂದರೆ ಅಲ್ಲಿ ಅವಳು ಸ್ವಲ್ಪ ಸುಖವಾಗಿಯೇ ಇರುತ್ತಾಳೆ. ಗೆಳತಿ ಸ್ಕಾರ್ಪಿಯಾ, ನಾವು ವಾಪಸ್ ಹೋಗುವುದೇ ಬೇಡ, ಇಲ್ಲೇ ಇದ್ದುಬಿಡೋಣ ಅನ್ನುತ್ತಾಳೆ. ಕ್ಯಾಟ್ರಾ ಮನಸ್ಸು ಅತ್ತ ವಾಲುತ್ತಿರುತ್ತದೆ. ಅಷ್ಟರಲ್ಲಿ ಶ್ಯಾಡೋ ವೀವರ್ ಬ್ರೈಟ್ ಮೂನ್‌ನಲ್ಲಿ ಅಡೋರಾ ಹತ್ತಿರ ಇದ್ದಾಳೆ ಅಂತ ತಿಳಿಯುತ್ತದೆ. ಅಲ್ಲಿಗೆ ಎಲ್ಲ ಮುಗಿಯಿತು. ಅವಳು ಹೋರ್ಡಿಗೆ ವಾಪಸ್ ಬರುತ್ತಾಳೆ, ಬೇರೆ ಲೋಕಕ್ಕೆ ದಾರಿಯಾಗುವ ಪೋರ್ಟಲ್ ತೆರೆಯುತ್ತಾಳೆ, ಜಗತ್ತೇ ಹರಿದುಹೋಗುವ ಸ್ಥಿತಿಗೆ ಬರುತ್ತದೆ. ಅದನ್ನು ಸರಿಮಾಡಲು ಹೋಗಿ ಗ್ಲಿಮರ್‌ಳ ತಾಯಿ ಏಂಜೆಲ್ಲಾ ರಾಣಿ ಹಿಂತಿರುಗಿ ಬರುವುದಿಲ್ಲ. ಆಮೇಲೆ ತಾಯಿಯಿಲ್ಲದ ಆ ಗ್ಲಿಮರ್‌ಗೆ ಗುರುವಾಗಿ ಬಂದು ನಿಲ್ಲುವವಳು ಯಾರು? ಶ್ಯಾಡೋ ವೀವರ್. ಸರಣಿ ಇದನ್ನು ಎಲ್ಲೂ ಒತ್ತಿ ಹೇಳುವುದಿಲ್ಲ. ಆದರೆ ಕಂತುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಆ ಖಾಲಿ ಕೋಣೆಯಿಂದ ಈ ಹುಡುಗಿಯ ತಬ್ಬಲಿತನದವರೆಗೆ ದಾರಿ ಕಾಣುತ್ತದೆ.

ಕ್ಯಾಟ್ರಾ ಮಾಡಿದ್ದಕ್ಕೆ ಕ್ಯಾಟ್ರಾಳೇ ಹೊಣೆ, ಅದರಲ್ಲಿ ಎರಡು ಮಾತಿಲ್ಲ. ಸರಣಿಯೂ ಅವಳನ್ನು ಸುಲಭಕ್ಕೆ ಬಿಡುವುದಿಲ್ಲ. ಅವಳು ಕ್ಷಮೆ ಕೇಳುತ್ತಾಳೆ, ಒಬ್ಬೊಬ್ಬರ ಮುಖ ನೋಡಿ ಕೇಳುತ್ತಾಳೆ, ಬಹಳ ಕಷ್ಟಪಟ್ಟು ಕೇಳುತ್ತಾಳೆ. ಶ್ಯಾಡೋ ವೀವರ್ ಆ ಕೆಲಸ ಒಂದು ಸಲವೂ ಮಾಡುವುದಿಲ್ಲ.

ಮಂಥರೆಯ ಜೊತೆ ಇಟ್ಟು ನೋಡಿದರೆ

ಬೆಳೆಸಿದ ಹೆಂಗಸು, ಮಸಲತ್ತು, ಮಕ್ಕಳ ಮಧ್ಯೆ ಬಿರುಕು ಅಂದಕೂಡಲೇ ನಮಗೆ ನೆನಪಾಗುವುದು ಮಂಥರೆ. ನನಗೂ ಮೊದಲು ಅವಳೇ ನೆನಪಾದಳು. ಆದರೆ ಕುವೆಂಪು ಓದಿದವರಿಗೆ ಮಂಥರೆಯನ್ನು ಅಷ್ಟು ಸಲೀಸಾಗಿ ಬೈಯಲು ಆಗುವುದಿಲ್ಲ. 1949ರಲ್ಲಿ ಬಂದ 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಅವಳಿಗೇ ಒಂದು ಸಂಚಿಕೆ ಇದೆ, 'ಮಮತೆಯ ಸುಳಿ ಮಂಥರೆ' ಅಂತ. ಊರೆಲ್ಲ ಅಸಹ್ಯಪಡುವ ಗೂನುಬೆನ್ನಿನ ಮುದುಕಿ. ಅವಳಿಗೆ ಲೋಕದಲ್ಲಿ ಇದ್ದದ್ದು ಕೈಕೆ ಮತ್ತು ಕೈಕೆಯ ಮಗ ಭರತ, ಅಷ್ಟೇ. ಆ ಪ್ರೀತಿಯೇ ಸುಳಿಯಾಗಿ ಅಯೋಧ್ಯೆಯನ್ನು ಎಳೆದುಕೊಳ್ಳುತ್ತದೆ. ಅವಳು ಮಾಡಿದ್ದು ಕೆಡುಕೇ. ಆದರೆ ಅದರಲ್ಲಿ ತನಗಾಗಿ ಅವಳು ಏನನ್ನೂ ಕೇಳಲಿಲ್ಲ.

ಮೈಸೂರಿನಲ್ಲಿ ಜಯಲಕ್ಷ್ಮೀಪುರದ ಕಡೆ ಹೋದಾಗೆಲ್ಲ, ಕುವೆಂಪು ಅವರ 'ಉದಯರವಿ' ಮನೆಯ ಮುಂದೆ ಹಾದು ಹೋಗುವಾಗ, ನನಗೆ ಈ ವಿಷಯ ತಲೆಯಲ್ಲಿ ಓಡುತ್ತದೆ. ಶ್ಯಾಡೋ ವೀವರ್‌ಗೂ ಅದೇ ಕರುಣೆ ತೋರಿಸಬಹುದಾ? ನಾನು ಪ್ರಯತ್ನಪಟ್ಟು ನೋಡಿದ್ದೇನೆ. ಅವಳಿಗೂ ಅವಮಾನ ಆಗಿದೆ, ಅವಳ ಮುಖವೂ ಹಾಳಾಗಿದೆ, ಅವಳ ಮಾತನ್ನೂ ಹಿರಿಯರು ಕೇಳಲಿಲ್ಲ, ಮತ್ತೆ ಹೋರ್ಡ್ ಬಗ್ಗೆ ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಇಷ್ಟೆಲ್ಲ ಇದ್ದೂ ನನ್ನ ಮನಸ್ಸು ಒಪ್ಪುವುದಿಲ್ಲ. ಭರತ ರಾಜ್ಯ ಬೇಡ ಅಂದ ಮೇಲೂ ಮಂಥರೆಗೆ ಭರತ ಭರತನೇ. ಶ್ಯಾಡೋ ವೀವರ್‌ಗೆ ಮಗು ಬೇಕಾಗಿದ್ದು ಆ ಮಗುವಿನೊಳಗಿನ ಶಕ್ತಿಗಾಗಿ. ಶಕ್ತಿ ಕಾಣದ ಮಗುವನ್ನು ಅವಳು ಮುಖ ಕೊಟ್ಟು ಮಾತಾಡಿಸಿಲ್ಲ. ನನ್ನ ಮಟ್ಟಿಗೆ ವ್ಯತ್ಯಾಸ ಇಷ್ಟೇ, ಮತ್ತೆ ಇದು ಸಣ್ಣ ವ್ಯತ್ಯಾಸ ಅಲ್ಲ.

ಮೊದಲ ಸಾಲಿನ ಹುಡುಗಿಗೆ ಆಗಿದ್ದು

ಶ್ಯಾಡೋ ವೀವರ್ ಬಗ್ಗೆ ಮಾತಾಡುವಾಗ ಎಲ್ಲರೂ ಕ್ಯಾಟ್ರಾ ಬಗ್ಗೆ ಮರುಗುತ್ತಾರೆ. ಸರಿಯೇ. ಆದರೆ ಅಡೋರಾಗೆ ಆಗಿದ್ದೂ ಕಡಿಮೆಯಲ್ಲ. ಬಹುಶಃ ನಾನು ಬೋರ್ಡಿನ ಮುಂದೆ ಕೂರುತ್ತಿದ್ದವಳಾದ್ದರಿಂದ ನನಗೆ ಇದು ಬೇಗ ಕಂಡಿತೇನೋ. ಮೊದಲ ಜಾಗದಲ್ಲಿ ಕೂತವಳಿಗೆ ಪ್ರತಿ ಸೋಮವಾರವೂ ಭಯ. ಪ್ರೀತಿ ಸಿಗುವುದು ಮಾರ್ಕ್ಸಿಗೆ, ನಿನಗಲ್ಲ ಅನ್ನುವುದು ಅವಳಿಗೆ ಯಾರೂ ಹೇಳದೆಯೇ ಗೊತ್ತಿರುತ್ತದೆ. ಟೆಸ್ಟ್ ಹಿಂದಿನ ರಾತ್ರಿ ನನಗೆ ಹೊಟ್ಟೆ ನೋವು ಬರುತ್ತಿತ್ತು. ಮನೆಯಲ್ಲಿ ಓಮದ ಕಷಾಯ ಕೊಡುತ್ತಿದ್ದರು.

ಅಡೋರಾ ಹೋರ್ಡ್ ಬಿಟ್ಟು ಬಂದು ಶೀ-ರಾ ಆದಳು, ಕತೆ ನಡೆಯುವ ಇಡೀ ಎಥೀರಿಯಾ ಲೋಕ ಅವಳನ್ನು ಕೊಂಡಾಡಿತು. ಆದರೂ ಅವಳು ಒಂದು ದಿನ ನೆಮ್ಮದಿಯಾಗಿ ಕೂರುವುದಿಲ್ಲ. ಎಲ್ಲಿ ಏನು ತಪ್ಪಾದರೂ ತನ್ನದೇ ತಪ್ಪು. ಯಾರನ್ನು ಉಳಿಸಲಾಗದಿದ್ದರೂ ತಾನು ಸಾಲದವಳು. ತನಗೆ ಏನು ಬೇಕು ಅಂತ ಯಾರಾದರೂ ಕೇಳಿದರೆ ಅವಳಲ್ಲಿ ಉತ್ತರವೇ ಇಲ್ಲ. ಕ್ಯಾಟ್ರಾಳನ್ನು ನೋಡಿಕೊಳ್ಳುವ ಹೊಣೆ ನಿನ್ನದು ಅಂತ ಐದಾರು ವರ್ಷದ ಮಗುವಿನ ತಲೆಗೆ ಕಟ್ಟಿದ್ದು ಬೆಳೆಯುತ್ತ ಬೆಳೆಯುತ್ತ ಲೋಕವನ್ನೆಲ್ಲ ನೋಡಿಕೊಳ್ಳುವ ಹೊಣೆಯಾಗಿದೆ.

ಕೊನೆಯ ಸೀಸನ್‌ನಲ್ಲಿ ಇದು ತುದಿ ಮುಟ್ಟುತ್ತದೆ. ಎಥೀರಿಯಾವನ್ನು ಉಳಿಸುವ ಒಂದು ಉಪಾಯವನ್ನು ಶ್ಯಾಡೋ ವೀವರ್ ಮತ್ತು ಮೈಕಾನ ಸೋದರಿ ಕ್ಯಾಸ್ಟಾಸ್ಪೆಲ್ಲಾ ಹುಡುಕಿ ತರುತ್ತಾರೆ. ಅದನ್ನು ಮೈಮೇಲೆ ಹೊತ್ತು ಹೋದವರು ಬದುಕಿ ಬರುವುದು ಕಷ್ಟ. ಅಡೋರಾ ತಾನೇ ಹೊರುತ್ತೇನೆ ಅನ್ನುತ್ತಾಳೆ. ಕ್ಯಾಟ್ರಾ ಬೇಡ ಅಂತ ಕೂಗಾಡುತ್ತಾಳೆ. ಆಗ ಶ್ಯಾಡೋ ವೀವರ್ ಮತ್ತದೇ ಹಳೆಯ ಮಾತಿಗೆ ಬರುತ್ತಾಳೆ: ಕ್ಯಾಟ್ರಾ ನಿನ್ನನ್ನು ಹಿಂದಕ್ಕೆ ಎಳೆಯುತ್ತಾಳೆ, ಅವಳ ಕಡೆ ಗಮನ ಕೊಡಬೇಡ. ಈಗ ಅವಳು ಒಳ್ಳೆಯವರ ಪಕ್ಷದಲ್ಲಿದ್ದಾಳೆ, ಲೋಕ ಉಳಿಸುವ ಕೆಲಸ ಮಾಡುತ್ತಿದ್ದಾಳೆ. ಆದರೆ ಮಾತು ಅದೇ. ಪಾಪ ಆ ಹುಡುಗಿ ಸಾಯಲೂ ತಯಾರಾಗಿದ್ದಾಳೆ ಅಂದರೆ ಅದಕ್ಕೆ ಅವಳನ್ನು ತಯಾರು ಮಾಡಿದವಳೇ ಎದುರಿಗೆ ನಿಂತಿದ್ದಾಳೆ.

ಇದಾದ ಮೇಲೆ ಬರುತ್ತದೆ ಆ ಸಾವು. ದೈತ್ಯ ಮೃಗವೊಂದು ದಾರಿಗೆ ಅಡ್ಡ ಬಂದಿದೆ. ಶ್ಯಾಡೋ ವೀವರ್ ಇಬ್ಬರನ್ನೂ ಹಿಂದಕ್ಕೆ ಸರಿಸಿ ತನ್ನ ಶಕ್ತಿಯನ್ನೆಲ್ಲ ಅದರ ಮೇಲೆ ಸುರಿಯುತ್ತಾಳೆ. ಕ್ಯಾಟ್ರಾಗೆ, ನಿನ್ನ ಬಗ್ಗೆ ನನಗೆ ಹೆಮ್ಮೆ ಇದೆ ಅನ್ನುತ್ತಾಳೆ. ಜೀವಮಾನವೆಲ್ಲ ಆ ಹುಡುಗಿ ಕಾದಿದ್ದ ಮಾತು. ಕೇಳಿಸಿಕೊಂಡು ಏನಾದರೂ ಹೇಳೋಣ ಅಂದರೆ ಸಮಯವಿಲ್ಲ. ಕೊನೆಗೆ ಶ್ಯಾಡೋ ವೀವರ್ ಹೇಳುವುದು, ಯಾರಾದರೂ ನಮಗೆ ಥ್ಯಾಂಕ್ಸ್ ಹೇಳಿದಾಗ ನಾವು ತಿರುಗಿ ಹೇಳುವ ಮಾತು. ಅಲ್ಲಿ ಯಾರೂ ಅವಳಿಗೆ ಥ್ಯಾಂಕ್ಸ್ ಹೇಳಿಲ್ಲ. ಹೇಳಬೇಕಾಗಿತ್ತು ಅಂತ ಅವಳೇ ತೀರ್ಮಾನ ಮಾಡಿಕೊಂಡಿದ್ದಾಳೆ. ಲೊರೈನ್ ಟೂಸಾಂಟ್ ಅವರ ದನಿ ಆ ಜಾಗದಲ್ಲಿ ಎಷ್ಟು ಶಾಂತವಾಗಿದೆ! ಬರೆದವರು ಇದನ್ನು ಬೇಕೆಂದೇ ಹೀಗೆ ಬರೆದಿದ್ದಾರೆ ಅಂತ ನನ್ನ ನಂಬಿಕೆ, ಅವರಿಗೆ ನನ್ನ ನಮಸ್ಕಾರ.

"ಅವಳು ಇಬ್ಬರನ್ನೂ ಉಳಿಸಿದ್ದು ನಿಜ" ಅಂತ ಅಣ್ಣನ ಮಗಳಿಗೆ ಹೇಳಿದೆ. "ಕ್ಯಾಟ್ರಾಗೆ ಮಾಡಿದ್ದೂ ನಿಜ. ಇದನ್ನು ಅದಕ್ಕೆ ವಜಾ ಹಾಕೋಕೆ ಬರಲ್ಲ." ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಂಗಾದ್ರೆ ಕ್ಯಾಟ್ರಾ ಯಾಕೆ ಅಷ್ಟು ಅತ್ತಳು?" ಅಂದಳು. ಅದಕ್ಕೆ ನಾನು ಹೇಳಿದ್ದು, ಹೋದವಳು ಅವಳ ಅಮ್ಮನ ಜಾಗದಲ್ಲಿದ್ದಳು, ಬೇರೆ ಅಮ್ಮ ಅವಳಿಗೆ ಇರಲಿಲ್ಲ ಅಂತ. ಇದು ಮಗುವಿಗೆ ಸರಿ ಅನಿಸಿತು.

ಕುಕ್ಕರಹಳ್ಳಿ ಕೆರೆ ಏರಿ ಮೇಲೆ

ತಂಗಿ ಈಗ ಮೈಸೂರಿನಲ್ಲೇ ಇದ್ದಾಳೆ, ಹೆಬ್ಬಾಳದ ಕಡೆ ಒಂದು ಕಂಪನಿಯಲ್ಲಿ ಕೆಲಸ. ಭಾನುವಾರ ಬೆಳಗ್ಗೆ ಇಬ್ಬರೂ ಕುಕ್ಕರಹಳ್ಳಿ ಕೆರೆ ಸುತ್ತಲು ಹೋಗುತ್ತೇವೆ. ಈಚೆಗೆ ಮಂಡ್ಯದಲ್ಲಿ ಒಂದು ಮದುವೆಗೆ ಹೋಗಿದ್ದಾಗ ಮೇಡಂ ಸಿಕ್ಕಿದ್ದರು. ವಯಸ್ಸಾಗಿದೆ, ಆದರೂ ಬೆನ್ನು ನೆಟ್ಟಗಿದೆ. ತಂಗಿಯ ಕೈ ಹಿಡಿದುಕೊಂಡು ಪಕ್ಕದವರಿಗೆಲ್ಲ ಹೇಳಿದರು: "ಇವಳು ನನ್ನ ಶಿಷ್ಯೆ. ಅವತ್ತು ನಾನು ಬೈದಿದ್ದಕ್ಕೇ ಇವತ್ತು ಹಿಂಗಿದಾಳೆ." ತಂಗಿ ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದಳು. ನನಗೆ ಮೈ ಉರಿಯಿತು.

ಕೆರೆ ಏರಿ ಮೇಲೆ ನಡೆಯುತ್ತ ಅದನ್ನೇ ಕೇಳಿದೆ. ಯಾಕೆ ಸುಮ್ಮನಿದ್ದೆ ಅಂದೆ. ಅವಳು ಹೇಳಿದಳು: "ಬುಡಕ್ಕ. ನಂಗೆ ಗಣಿತ ಬರೋದು ಅವರಿಂದಾನೇ. ಅದು ಸುಳ್ಳಲ್ಲ. ನಾನು ನಮಸ್ಕಾರ ಮಾಡಿದ್ದು ಅದಕ್ಕೆ." ಸ್ವಲ್ಪ ದೂರ ಮಾತಿಲ್ಲದೆ ನಡೆದೆವು. ಆಮೇಲೆ ಅವಳೇ ಅಂದಳು, "ಆದ್ರೆ ಇವತ್ತಿಗೂ ಆಫೀಸಲ್ಲಿ ಮೀಟಿಂಗ್ ಇದ್ರೆ ನಾನು ಹೋಗಿ ಕೂರೋದು ಬಾಗಿಲ ಪಕ್ಕದ ಕುರ್ಚೀಲೇ. ಟೀಮ್ ನಂದೇ, ಮೀಟಿಂಗ್ ಕರೆದಿರೋಳೂ ನಾನೇ. ಆದ್ರೂ ಅಲ್ಲಿಗೇ ಹೋಗ್ತೀನಿ. ಅವರು ಬೈದಿದ್ದಕ್ಕೆ ಹಿಂಗಿದೀನಿ ಅಂದ್ರಲ್ಲ, ಇದೂ ಅದರಲ್ಲಿ ಸೇರುತ್ತೆ ಅಂತ ಅವರಿಗೆ ಗೊತ್ತಿಲ್ಲ."

ಅವಳು ಆ ನಮಸ್ಕಾರ ಮಾಡಬಾರದಿತ್ತು ಅಂತ ನಾನು ಈಗ ಹೇಳುವುದಿಲ್ಲ. ಅದು ಅವಳದ್ದು. ಕ್ಯಾಟ್ರಾ ಅತ್ತಿದ್ದು ಕ್ಯಾಟ್ರಾಳದ್ದು. ಆದರೆ ಅದನ್ನು ನೋಡಿ ಪಕ್ಕದಲ್ಲಿದ್ದ ನಾವು, ಸರಿ, ಹಾಗಾದರೆ ಎಲ್ಲ ಒಳ್ಳೆಯದಕ್ಕೇ ಆಯಿತು ಅಂತ ಲೆಕ್ಕ ಮುಚ್ಚಿಬಿಡುತ್ತೇವಲ್ಲ, ನನ್ನ ತಕರಾರು ಇರುವುದು ಅಲ್ಲಿ. ಮದುವೆ ಮನೆಯಲ್ಲಿ ಮೇಡಂ ಮಾತಿಗೆ ಸುತ್ತಲಿದ್ದವರೆಲ್ಲ ತಲೆ ಆಡಿಸಿದರು. ಹೌದು ಹೌದು, ಹಳೇ ಕಾಲದ ಮೇಷ್ಟ್ರುಗಳೇ ಹಂಗೆ, ಅದಕ್ಕೇ ಮಕ್ಕಳು ಉದ್ಧಾರ ಆಗ್ತಿದ್ದಿದ್ದು ಅಂದರು. ಚಪ್ಪಲಿ ಪಕ್ಕ ಕೂತಿದ್ದವರು ಇನ್ನೂ ಮೂರು ನಾಲ್ಕು ಜನ ಇದ್ದರು. ಅವರ ಫೋಟೋ ಯಾವ ಫ್ಲೆಕ್ಸ್‌ನಲ್ಲೂ ಬರಲಿಲ್ಲ. ಅವರಲ್ಲೊಬ್ಬಳು ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟಳು. ಅವಳನ್ನು ಆ ಮದುವೆಗೆ ಯಾರೂ ಕರೆದಿರಲಿಲ್ಲ, ಕರೆದಿದ್ದರೆ ಮೇಡಂ ಅವಳ ಕೈ ಹಿಡಿದು ಏನು ಹೇಳುತ್ತಿದ್ದರು?

ಜೂನ್‌ನಿಂದ ಅಣ್ಣ ಮಗಳನ್ನು ಟ್ಯೂಷನ್‌ಗೆ ಸೇರಿಸಬೇಕು ಅಂತಿದ್ದಾನೆ. ಮಂಡ್ಯದಲ್ಲಿ ಒಂದು ಕಡೆ ವಿಚಾರಿಸಿಯೂ ಬಂದಿದ್ದಾನೆ. ಅಲ್ಲೂ ಮಾರ್ಕ್ಸ್ ಪ್ರಕಾರ ಬ್ಯಾಚ್ ಮಾಡುತ್ತಾರಂತೆ. ಫೋನಿನಲ್ಲಿ ಇದೇ ವಿಷಯಕ್ಕೆ ಇಬ್ಬರಿಗೂ ಜೋರು ಮಾತಾಯಿತು. "ರಿಸಲ್ಟ್ ಚೆನ್ನಾಗಿದೆ ಕಣೇ, ಇನ್ನೇನು ಬೇಕು?" ಅಂದ. ರಿಸಲ್ಟ್ ಚೆನ್ನಾಗಿಯೇ ಇರುತ್ತದೆ, ನಾನು ಅದನ್ನು ಅಲ್ಲಗಳೆಯಲಿಲ್ಲ. ಸೇರಿಸುವ ಮೊದಲು ಒಂದು ದಿನ ಸಂಜೆ ಹೋಗಿ, ಕೊನೆಯ ಬ್ಯಾಚಿನ ಮಕ್ಕಳಿಗೆ ಪಾಠ ಹೇಳುವುದು ಯಾರು, ಎಷ್ಟು ಹೊತ್ತು ಹೇಳುತ್ತಾರೆ, ಅವರನ್ನು ಏನಂತ ಕರೆಯುತ್ತಾರೆ ಅಂತ ನೋಡಿಕೊಂಡು ಬಾ ಅಂದೆ. ಮಗಳು ಮೊದಲ ಬ್ಯಾಚಿಗೇ ಹೋಗುತ್ತಾಳೆ, ಅದು ನಿಂಗ್ಯಾಕೆ ಅಂದ. ಅವಳು ಮೊದಲ ಬ್ಯಾಚಿಗೆ ಹೋಗುತ್ತಾಳೆ ಅಂತಲೇ ಹೇಳುತ್ತಿದ್ದೇನೆ ಅಂದೆ. ಶನಿವಾರ ಹೋಗಿ ನೋಡುತ್ತಾನಂತೆ.